ಆನ್‌ಲೈನಲ್ಲಿ ತರಿಸಿದ್ದು ಕೆಟ್ಟು ಬಂತಾ? ಕಾಸರಗೋಡಿನವರು ದುಡ್ಡು ವಾಪಸ್ ಪಡೆಯುವುದು ಹೀಗೆ

ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಿಕ್ಸಿ ತರಿಸಿದ್ದೆವು, ಎರಡು ಸಲ ಅರೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಕಾಳುಮೆಣಸಿನ ಬಳ್ಳಿಗೆ ಮದ್ದು ಬಿಡಲು ಬ್ಯಾಟರಿ ಸ್ಪ್ರೇಯರ್ ತರಿಸಿದೆ, ಚಾರ್ಜೇ ಆಗುವುದಿಲ್ಲ. ವಸ್ತು ವಾಪಸ್ ಕೊಂಡು ಹೋದರು, ದುಡ್ಡು ಮಾತ್ರ ಬರಲಿಲ್ಲ. ಇನ್ನು ಆ ದುಡ್ಡು ಹೋಯಿತೆಂದೇ ಲೆಕ್ಕವಾ?

ಹೋಗಲಿಲ್ಲ. ಆದರೆ ದಿನ ಕಳೆಯಬಾರದು. ನಮ್ಮ ಕಡೆ ಹೆಚ್ಚಿನವರ ದುಡ್ಡು ಮುಳುಗುವುದು ಒಂದೇ ರೀತಿಯಲ್ಲಿ. ಕಸ್ಟಮರ್ ಕೇರಿನವರ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ, ಮಂಗಳೂರಿನ ಸರ್ವೀಸ್ ಸೆಂಟರಿಗೆ ಅಲೆಯುತ್ತಾರೆ, ನಾಳೆ ಬರುತ್ತೇನೆ ಎಂದ ಕೊರಿಯರ್ ಹುಡುಗನಿಗೆ ಕಾಯುತ್ತಾರೆ. ಅಷ್ಟರಲ್ಲಿ ವಾಪಸ್ ಮಾಡುವ ಗಡುವು ಮುಗಿದಿರುತ್ತದೆ. ಕೈಯಲ್ಲಿ ಬರಹದ ಸಾಕ್ಷಿ ಒಂದೂ ಇರುವುದಿಲ್ಲ. ಹಾಗಾಗಿ ಕೆಳಗಿನ ಎಲ್ಲಾ ಹಂತಗಳಲ್ಲೂ ಎರಡು ವಿಷಯ ನೆನಪಿರಲಿ: ತಾರೀಕು ನೋಡಿಕೊಳ್ಳಿ, ಬರೆದು ತಿಳಿಸಿ.

ನಿಮ್ಮ ಹಕ್ಕು ಏನು?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಅದೇ ತಿಂಗಳು ಆನ್‌ಲೈನ್ ವ್ಯಾಪಾರಕ್ಕೆಂದೇ ಇ-ಕಾಮರ್ಸ್ ನಿಯಮಗಳೂ ಬಂದವು. ವಸ್ತು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಮಾರಿದವರು ಅದನ್ನು ವಾಪಸ್ ತೆಗೆದುಕೊಳ್ಳಲು ಅಥವಾ ಹಣ ಹಿಂತಿರುಗಿಸಲು ಒಲ್ಲೆ ಎನ್ನುವಂತಿಲ್ಲ ಎಂದು ಆ ನಿಯಮ ಹೇಳುತ್ತದೆ. ಆದ್ದರಿಂದ ‘ನೋ ರಿಟರ್ನ್’ ಎಂಬ ಬರಹ ಕಂಡ ಕೂಡಲೇ ಕೈಬಿಡಬೇಡಿ. ಕೆಟ್ಟ ವಸ್ತುವಿಗೆ ಆ ಮಾತು ನಡೆಯುವುದಿಲ್ಲ.

ಬಣ್ಣ ಹಿಡಿಸಲಿಲ್ಲ, ಪಕ್ಕದ ಮನೆಯವರಿಗೆ ಕಡಿಮೆ ಬೆಲೆಗೆ ಸಿಕ್ಕಿತು ಎಂಬ ಕಾರಣಗಳಿಗೆ ಈ ಹಕ್ಕು ಇಲ್ಲ. ಅಲ್ಲಿ ಆಯಾ ಕಂಪನಿಯ ನಿಯಮವೇ ಕೊನೆ.

1. ಪಾರ್ಸೆಲ್ ಕೈಗೆ ಬಂದಾಗ

ನಮ್ಮ ಹಳ್ಳಿಗಳಲ್ಲಿ ಪಾರ್ಸೆಲ್ ಮನೆ ಬಾಗಿಲಿಗೆ ಬರುವುದು ಕಡಿಮೆ. ಗುಡ್ಡೆ ಹತ್ತಿ ಬರಲು ಆಗುವುದಿಲ್ಲ, ಪೇಟೆಗೆ ಬನ್ನಿ ಎನ್ನುತ್ತಾರೆ. ಇಲ್ಲವೇ ಬಸ್‌ಸ್ಟಾಂಡಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ನಾವು ಎರಡು ದಿನ ಬಿಟ್ಟು ತರುತ್ತೇವೆ, ಭಾನುವಾರ ಬಿಡಿಸುತ್ತೇವೆ. ಗಡುವಿನ ಲೆಕ್ಕ ಮಾತ್ರ ‘ಡೆಲಿವರ್ಡ್’ ಎಂದು ಮೆಸೇಜ್ ಬಂದ ದಿನದಿಂದಲೇ ಶುರು. ಆದಷ್ಟು ಅದೇ ದಿನ ತಂದು ಅದೇ ದಿನ ಬಿಡಿಸಿ.

ಬಿಡಿಸುವಾಗ ವಿಡಿಯೋ ಮಾಡಿ. ಇದು ಕಾನೂನಿನ ಕಡ್ಡಾಯವೇನಲ್ಲ, ಆದರೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ. ಮೊದಲು ಮುಚ್ಚಿದ ಪೆಟ್ಟಿಗೆಯ ಆರೂ ಬದಿ ತೋರಿಸಿ. ವಿಳಾಸದ ಚೀಟಿಯ ಹತ್ತಿರ ಕ್ಯಾಮೆರಾ ಹಿಡಿದು ಅಕ್ಷರ ಓದುವಂತಿರಲಿ. ಆಮೇಲೆ ಟೇಪು ಕತ್ತರಿಸಿ, ಒಂದೊಂದೇ ವಸ್ತು ಹೊರಗೆ ತೆಗೆದು, ಸೀರಿಯಲ್ ನಂಬರ್ ತೋರಿಸಿ, ಸ್ವಿಚ್ ಹಾಕಿ ನೋಡುವವರೆಗೂ ನಿಲ್ಲಿಸದೆ ಒಂದೇ ವಿಡಿಯೋ ಆಗಿರಲಿ. ತುಂಡು ತುಂಡು ವಿಡಿಯೋ ಕೊಟ್ಟರೆ, ಮಧ್ಯದಲ್ಲಿ ವಸ್ತು ಬದಲಾಯಿಸಿದ್ದೀರಿ ಎನ್ನಲು ಅವಕಾಶ ಕೊಟ್ಟ ಹಾಗಾಗುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆ ಒದ್ದೆಯಾಗಿ ಬಂದಿದ್ದರೆ, ಜಜ್ಜಿ ಹೋಗಿದ್ದರೆ ಅದರ ಫೋಟೋ ಬೇರೆಯೇ ತೆಗೆಯಿರಿ.

‘ಓಪನ್ ಬಾಕ್ಸ್ ಡೆಲಿವರಿ’ ಎಂದರೆ ಕೊರಿಯರಿನವರ ಎದುರೇ ಪೆಟ್ಟಿಗೆ ಬಿಡಿಸಿ, ಸರಿ ಉಂಟು ಎಂದಾದ ಮೇಲೆ ಒಟಿಪಿ ಕೊಡುವುದು. ಒಟಿಪಿ ಎಂದರೆ ಮೊಬೈಲಿಗೆ ಬರುವ ಗುಟ್ಟಿನ ಸಂಖ್ಯೆ. ಅದನ್ನು ಕೊಟ್ಟರೆ, ವಸ್ತು ಸರಿಯಾಗಿ ಮುಟ್ಟಿದೆ ಎಂದು ಸಹಿ ಹಾಕಿದಂತೆ. ಅವಸರ ಮಾಡಿದರೂ ನೋಡದೆ ಕೊಡಬೇಡಿ.

ಪೆಟ್ಟಿಗೆ, ಥರ್ಮೊಕೋಲ್, ಪ್ಲಾಸ್ಟಿಕ್ ಚೀಲ, ವಾರಂಟಿ ಕಾರ್ಡ್ ಯಾವುದನ್ನೂ ಗಡುವು ಮುಗಿಯುವ ತನಕ ಎಸೆಯಬೇಡಿ. ಬಚ್ಚಲ ಒಲೆಗೆ ಹಾಕುವ ಅಭ್ಯಾಸ ಇರುವ ಮನೆಗಳಲ್ಲಿ ಇದನ್ನು ಮೊದಲೇ ಹೇಳಿಡಿ.

ಇನ್ನೊಂದು ಎಚ್ಚರಿಕೆ. ಸ್ಪ್ರೇಯರಿಗೆ ಮೊದಲ ಸಲ ಬರೀ ನೀರು ಹಾಕಿ ನೋಡಿ. ಮದ್ದು ತುಂಬಿಸಿದ ಟ್ಯಾಂಕನ್ನು ‘ಬಳಸಿದ ವಸ್ತು’ ಎಂದು ಹೇಳಿ ವಾಪಸ್ ಕೊಂಡುಹೋಗುವುದಿಲ್ಲ. ಮಿಕ್ಸಿ ಜಾರಿಗೂ ಇದೇ ಮಾತು.

2. ಗಡುವು ನೋಡಿ, ಯಾವ ದಾರಿ ಇದೆ ನೋಡಿ

ಆ್ಯಪಿನಲ್ಲಿ ‘ಮೈ ಆರ್ಡರ್ಸ್’ ತೆರೆದು ಆ ವಸ್ತುವನ್ನು ಒತ್ತಿ. ವಾಪಸಾತಿಗೆ ಕೊನೆಯ ತಾರೀಕು ಅಲ್ಲೇ ಇರುತ್ತದೆ. ಎಲ್ಲಾ ವಸ್ತುವಿಗೂ ಒಂದೇ ಗಡುವು ಎಂದುಕೊಳ್ಳಬೇಡಿ. ಬಟ್ಟೆಗೆ ಒಂದು, ಮೊಬೈಲಿಗೆ ಒಂದು, ಅಡುಗೆಮನೆಯ ಸಾಮಾನಿಗೆ ಇನ್ನೊಂದು.

ಮೂರು ಪದ ಕಾಣಬಹುದು. ರಿಟರ್ನ್ ಎಂದರೆ ವಸ್ತು ಕೊಟ್ಟು ದುಡ್ಡು ಪಡೆಯುವುದು. ರಿಪ್ಲೇಸ್‌ಮೆಂಟ್ ಎಂದರೆ ಅದೇ ವಸ್ತು ಹೊಸತು ಕೊಡುವುದು. ವಾರಂಟಿ ಎಂದರೆ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ರಿಪೇರಿ. ಬರೀ ರಿಪ್ಲೇಸ್‌ಮೆಂಟ್ ಎಂದು ಬರೆದಿದ್ದರೆ ಮೊದಲು ಅದನ್ನೇ ಕೇಳಿ. ಬದಲಿ ವಸ್ತುವೂ ಕೆಟ್ಟಿದ್ದರೆ, ಅಥವಾ ಸ್ಟಾಕ್ ಇಲ್ಲ ಎಂದರೆ, ದುಡ್ಡು ಕೇಳಲು ನಿಮ್ಮ ಮಾತಿಗೆ ಬಲ ಬರುತ್ತದೆ.

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ಗಡುವು ಇನ್ನೂ ಇರುವಾಗಲೇ ಕಸ್ಟಮರ್ ಕೇರಿನವರು ಸರ್ವೀಸ್ ಸೆಂಟರಿಗೆ ತೋರಿಸಿ ಎನ್ನುತ್ತಾರೆ. ಕಾಸರಗೋಡಿನಲ್ಲಿ ಆ ಕಂಪನಿಯ ಸೆಂಟರ್ ಇರುವುದಿಲ್ಲ. ಬಸ್ಸು ಹಿಡಿದು ಮಂಗಳೂರಿಗೆ ಹೋದರೆ, ಬಿಟ್ಟು ಹೋಗಿ, ಮುಂದಿನ ವಾರ ಬನ್ನಿ ಎನ್ನುತ್ತಾರೆ. ಆ ಮುಂದಿನ ವಾರದಲ್ಲಿ ಗಡುವು ಹೋಗಿರುತ್ತದೆ. ಆದ್ದರಿಂದ ಮೊದಲು ಆ್ಯಪಿನಲ್ಲಿ ವಾಪಸಾತಿಯ ಕೋರಿಕೆ ಹಾಕಿ, ಆಮೇಲೆ ಬೇಕಾದರೆ ಹೋಗಿ. ಹೋದರೆ ಜಾಬ್‌ಶೀಟ್ ತೆಗೆದುಕೊಳ್ಳದೆ ಬರಬೇಡಿ. ಜಾಬ್‌ಶೀಟ್ ಎಂದರೆ ವಸ್ತುವಿನ ತೊಂದರೆ ಏನು, ಯಾವ ದಿನ ತಂದರು ಎಂದು ಅವರು ಬರೆದು ಕೊಡುವ ಚೀಟಿ. ಬಂದಾಗಲೇ ಕೆಟ್ಟಿತ್ತು ಎಂದು ಅವರಿಗೆ ಅನಿಸಿದರೆ ‘ಡಿಒಎ’ ಪತ್ರ ಕೇಳಿ. ತಲುಪಿದಾಗಲೇ ಸತ್ತಿತ್ತು ಎನ್ನುವುದಕ್ಕೆ ಕಂಪನಿಯವರು ಕೊಡುವ ಪ್ರಮಾಣಪತ್ರ ಅದು. ವೋಲ್ಟೇಜ್ ಏರುಪೇರಿನಿಂದ ಸುಟ್ಟಿದೆ ಎಂದು ಬಾಯಿಯಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ, ಅದನ್ನೂ ಬರೆದು ಕೊಡಿ ಎನ್ನಿ.

3. ಕೋರಿಕೆ ಹಾಕುವುದು

ಆ್ಯಪಿನ ಒಳಗಿನಿಂದಲೇ ಹಾಕಿ. ಗೂಗಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಬೇಡಿ. ಅಲ್ಲಿ ಮೋಸಗಾರರು ಹಾಕಿಟ್ಟ ನಂಬರುಗಳು ಇವೆ. ಅವರು ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುತ್ತಾರೆ, ನಿಮ್ಮ ಮೊಬೈಲನ್ನು ಅಲ್ಲಿಂದಲೇ ನೋಡುತ್ತಾ ಬ್ಯಾಂಕ್ ಖಾತೆ ಖಾಲಿ ಮಾಡುತ್ತಾರೆ.

ಕಾರಣ ಕೇಳಿದಾಗ ‘ಬೇಡವಾಯಿತು’ ಎನ್ನುವುದನ್ನು ಒತ್ತಬೇಡಿ. ‘ಕೆಟ್ಟಿದೆ’, ‘ಕೆಲಸ ಮಾಡುತ್ತಿಲ್ಲ’ ಎಂಬುದನ್ನೇ ಆರಿಸಿ. ಈ ಒಂದು ಆಯ್ಕೆ ತಪ್ಪಿದರೆ ಮುಂದೆ ಎಲ್ಲಾ ಕಡೆ ಅದನ್ನೇ ತೋರಿಸಿ, ನೀವೇ ಬೇಡ ಅಂದಿದ್ದೀರಿ ಎನ್ನುತ್ತಾರೆ.

ವಿವರ ಬರೆಯುವ ಜಾಗದಲ್ಲಿ ಸಿಟ್ಟು ಬೇಡ, ನಡೆದದ್ದು ಸಾಕು. ಸ್ಪ್ರೇಯರಿನ ಉದಾಹರಣೆಯನ್ನೇ ತೆಗೆದುಕೊಂಡರೆ ಹೀಗೆ:

“ಪಾರ್ಸೆಲ್ 4ನೇ ತಾರೀಕು ತಲುಪಿದೆ. ಅದೇ ರಾತ್ರಿ ಚಾರ್ಜಿಗೆ ಹಾಕಿದೆ. ಚಾರ್ಜರಿನ ಕೆಂಪು ದೀಪ ಬೆಳಿಗ್ಗೆಯಾದರೂ ಹಸಿರಾಗಲಿಲ್ಲ. ಸ್ವಿಚ್ ಒತ್ತಿದರೆ ಮೋಟಾರು ಒಂದು ಕ್ಷಣ ತಿರುಗಿ ನಿಲ್ಲುತ್ತದೆ. ಬೇರೆ ಪ್ಲಗ್ಗಿನಲ್ಲಿ ಹಾಕಿದರೂ ಹಾಗೆಯೇ. ಟ್ಯಾಂಕಿಗೆ ನೀರು ಬಿಟ್ಟು ಬೇರೇನೂ ಹಾಕಿಲ್ಲ. ವಿಡಿಯೋ ಕಳಿಸಿದ್ದೇನೆ. ವಸ್ತು ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ.”

ಇಷ್ಟೇ. ಇಂಗ್ಲಿಷ್ ಬರುವ ಮಕ್ಕಳಿದ್ದರೆ ಅದರಲ್ಲೇ ಬರೆಸಿ, ಉತ್ತರ ಬೇಗ ಬರುತ್ತದೆ. ಕೋರಿಕೆ ಹಾಕಿದ ಮೇಲೆ ಬರುವ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಚಾಟ್ ಮಾಡಿದ್ದರೆ ಅದರದ್ದೂ ಬೇಕು, ಕೆಲವು ಆ್ಯಪುಗಳಲ್ಲಿ ಹಳೆಯ ಚಾಟ್ ಮತ್ತೆ ಸಿಗುವುದಿಲ್ಲ. ಫೋನಿನಲ್ಲಿ ಮಾತಾಡಿದ್ದರೆ, ಅವರು ಒಪ್ಪಿದ್ದನ್ನು ಅದೇ ದಿನ ಇಮೇಲ್ ಮಾಡಿ: ‘ಇವತ್ತು ಫೋನಿನಲ್ಲಿ ನೀವು ಹೇಳಿದ ಪ್ರಕಾರ ಶುಕ್ರವಾರ ವಸ್ತು ವಾಪಸ್ ಕೊಂಡುಹೋಗಲು (ಪಿಕಪ್) ಬರಬೇಕು.’

ಬೆಂಗಳೂರಿನಲ್ಲಿರುವ ಮಗನೋ ಮಗಳೋ ತಮ್ಮ ಮೊಬೈಲಿನಿಂದ ಊರಿನ ಮನೆಗೆ ತರಿಸಿಕೊಡುವುದು ಈಗ ಮಾಮೂಲು. ಆಗ ಕೋರಿಕೆ ಹಾಕಬೇಕಾದ್ದು ಅವರೇ, ಒಟಿಪಿ ಹೋಗುವುದೂ ಅವರಿಗೇ. ಕೊರಿಯರಿನವರು ಅಂಗಳದಲ್ಲಿ ನಿಂತಿರುವಾಗ ಮಗ ಆಫೀಸಿನ ಮೀಟಿಂಗಿನಲ್ಲಿದ್ದರೆ ಆ ದಿನದ ಪಿಕಪ್ ತಪ್ಪಿತು. ಹಾಗಾಗಿ ಕೋರಿಕೆ ಹಾಕುವಾಗ ಮನೆಯಲ್ಲಿರುವವರ ನಂಬರನ್ನೇ ಕೊಡಲಿ.

4. ಪಿಕಪ್

ಪಿಕಪ್ ಎಂದರೆ ವಸ್ತುವನ್ನು ಮನೆಯಿಂದ ವಾಪಸ್ ಕೊಂಡುಹೋಗುವುದು. ತಲುಪಿಸಿದ ವಿಳಾಸಕ್ಕೇ ಬರುತ್ತಾರೆ. ಮಂಗಳೂರಿನ ನೆಂಟರ ಮನೆಗೆ ತರಿಸಿಕೊಂಡು ಮಂಜೇಶ್ವರಕ್ಕೆ ತಂದಿದ್ದರೆ, ವಿಳಾಸ ಬದಲಾಯಿಸಲು ಆಗುತ್ತದಾ ಎಂದು ಕೋರಿಕೆ ಹಾಕುವಾಗಲೇ ನೋಡಿ. ಆಗದಿದ್ದರೆ ವಸ್ತುವನ್ನು ಆ ಮನೆಗೆ ಮುಟ್ಟಿಸಬೇಕು.

ಬಂದವರು ಸುಮ್ನೆ ತೆಗೆದುಕೊಂಡು ಹೋಗುವುದಿಲ್ಲ. ಅವರ ಮೊಬೈಲಿನಲ್ಲಿರುವ ಚಿತ್ರಕ್ಕೆ ಹೋಲಿಸುತ್ತಾರೆ. ಸೀರಿಯಲ್ ನಂಬರ್, ಬಣ್ಣ, ಚಾರ್ಜರ್, ಜತೆಗೆ ಬಂದ ಸಣ್ಣ ಸಾಮಾನು ಎಲ್ಲಾ ಇರಬೇಕು. ಸ್ಪ್ರೇಯರಿನ ಜತೆ ಬಂದ ನಾಲ್ಕು ನಾಝಲ್‌ಗಳಲ್ಲಿ ಒಂದು ಕಡಿಮೆಯಾದರೂ ಬಿಟ್ಟು ಹೋಗಬಹುದು. ಹಿಂದಿನ ದಿನವೇ ಜೋಡಿಸಿ ಫೋಟೋ ತೆಗೆದಿಡಿ. ಪೆಟ್ಟಿಗೆಗೆ ಟೇಪು ಹಾಕುವ ಮೊದಲು ಅವರಿಗೆ ತೋರಿಸಿ.

ಮೊಬೈಲ್ ವಾಪಸ್ ಕೊಡುವುದಾದರೆ ಸಿಮ್ ತೆಗೆಯಿರಿ, ಗೂಗಲ್ ಖಾತೆಯಿಂದ ಹೊರಬನ್ನಿ, ಸ್ಕ್ರೀನ್ ಲಾಕ್ ತೆಗೆಯಿರಿ, ಎಲ್ಲವನ್ನೂ ಅಳಿಸಿ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆ ಬಿಲ್ಲಿನಲ್ಲಿ ಇದ್ದರೆ ಎರಡನ್ನೂ ತಾಳೆ ನೋಡಿ. ಇದು ಆ ಮೊಬೈಲಿನದ್ದೇ ಸ್ವಂತ ಗುರುತಿನ ಸಂಖ್ಯೆ.

ವಸ್ತು ಕೊಟ್ಟ ಕೂಡಲೇ ಪಿಕಪ್ ಆದ ಮೆಸೇಜ್ ಬಂತಾ ನೋಡಿ. ಅದು ಬಾರದೆ ಅವರನ್ನು ಕಳಿಸಬೇಡಿ. ನೆಟ್‌ವರ್ಕ್ ಇಲ್ಲದ ಜಾಗವಾದರೆ ಅವರ ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ, ಇಲ್ಲವೇ ಕಾಗದದಲ್ಲಿ ಬರೆಸಿ ಸಹಿ ಪಡೆಯಿರಿ.

ಯಾರೂ ಬಾರದೆಯೇ ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’ ಎಂಬ ಮೆಸೇಜ್ ಬರುವುದುಂಟು. ಇದನ್ನು ಬಿಡಬೇಡಿ. ಅದೇ ದಿನ ಆ್ಯಪಿನಲ್ಲಿ ಬರೆಯಿರಿ: ನಾವು ಮನೆಯಲ್ಲೇ ಇದ್ದೆವು, ಕರೆ ಬಂದಿಲ್ಲ, ಕಾಲ್ ಲಿಸ್ಟಿನ ಚಿತ್ರ ಇಗೋ. ಎರಡು ಮೂರು ಸಲ ಹೀಗಾದರೆ ಕೋರಿಕೆ ತಾನಾಗಿಯೇ ರದ್ದಾಗುವುದೂ ಇದೆ. ರದ್ದಾದರೆ ಗಡುವಿನ ಒಳಗೆ ಮತ್ತೆ ಹಾಕಬೇಕು.

ನಿಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ, ನೀವೇ ಕಳಿಸಿ ಎಂದರೆ ಅದನ್ನು ಬರಹದಲ್ಲಿ ಪಡೆಯಿರಿ, ಖರ್ಚು ಯಾರದ್ದು ಎಂದೂ ಕೇಳಿ. ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿದರೆ ರಸೀದಿ ಜೋಪಾನ. ಬ್ಯಾಟರಿ ಇರುವ ವಸ್ತುವಾದರೆ ಪ್ಯಾಕ್ ಮಾಡುವ ಮೊದಲು ಕೌಂಟರಿನಲ್ಲಿ ವಿಚಾರಿಸಿ, ಲೀಥಿಯಂ ಬ್ಯಾಟರಿಗೆ ಅಂಚೆಯಲ್ಲಿ ನಿರ್ಬಂಧ ಇದೆ.

5. ದುಡ್ಡು ಎಲ್ಲಿಗೆ ಬರುತ್ತದೆ?

ಸಾಮಾನ್ಯವಾಗಿ ಹೇಗೆ ಕೊಟ್ಟಿದ್ದೀರೋ ಹಾಗೆಯೇ ಬರುತ್ತದೆ. ಯುಪಿಐ ಆದರೆ ಆ ಖಾತೆಗೆ, ಕಾರ್ಡ್ ಆದರೆ ಆ ಕಾರ್ಡಿಗೆ. ಪಕ್ಕದ ಮನೆಯ ಹುಡುಗ ತನ್ನ ಫೋನಿನಿಂದ ಪಾವತಿ ಮಾಡಿದ್ದರೆ ಅವನ ಖಾತೆ ನೋಡಿ.

ಪಾರ್ಸೆಲ್ ಬಂದಾಗ ನಗದು ಕೊಟ್ಟಿದ್ದರೆ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೇಳುತ್ತಾರೆ. ಐಎಫ್‌ಎಸ್‌ಸಿ ಎಂದರೆ ನಿಮ್ಮ ಬ್ಯಾಂಕ್ ಶಾಖೆಯ ಗುರುತಿನ ಸಂಕೇತ. ನಮ್ಮ ಊರಿನಲ್ಲಿ ಇಲ್ಲೊಂದು ಗುಂಡಿ ಇದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದ ಜತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಮೂರರ ಹಳೆಯ ಪಾಸ್‌ಬುಕ್ ಇನ್ನೂ ಇದೆ. ಅದರಲ್ಲಿರುವ ಹಳೆಯ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಅದನ್ನು ಹಾಕಿದರೆ ದುಡ್ಡು ಬರುವುದಿಲ್ಲ, ನೀವು ಕಂಪನಿಯನ್ನು ಬೈಯುತ್ತಾ ಕೂರುತ್ತೀರಿ. ಶಾಖೆಗೆ ಹೋಗಿ ಹೊಸ ಸಂಕೇತ ಬರೆಸಿಕೊಂಡು ಬನ್ನಿ.

ದುಡ್ಡಿನ ಬದಲು ಆ್ಯಪಿನ ವಾಲೆಟ್ಟಿಗೆ ಅಥವಾ ಕೂಪನ್ನಿಗೆ ಹಾಕುತ್ತೇವೆ ಎಂದರೆ ನಿಮಗೆ ಬೇಕಿದ್ದರೆ ಮಾತ್ರ ಒಪ್ಪಿ. ಒಮ್ಮೆ ಒಪ್ಪಿದರೆ ಅದನ್ನು ಅಲ್ಲೇ ಖರ್ಚು ಮಾಡಬೇಕಾಗುತ್ತದೆ.

ಹಣ ಕಳಿಸಿದ್ದೇವೆ ಎನ್ನುತ್ತಾರೆ, ಖಾತೆಯಲ್ಲಿ ಇಲ್ಲ. ಆಗ ರಿಫಂಡಿನ ರೆಫರೆನ್ಸ್ ನಂಬರ್ ಕೇಳಿ. ಕಾರ್ಡಿನದ್ದಾದರೆ ಅದನ್ನು ಎಆರ್‌ಎನ್ ಎನ್ನುತ್ತಾರೆ. ಆ ಸಂಖ್ಯೆ ಹಿಡಿದು ಬ್ಯಾಂಕಿಗೆ ಹೋದರೆ ದುಡ್ಡು ಎಲ್ಲಿ ನಿಂತಿದೆ ಎಂದು ಹುಡುಕಿಕೊಡುತ್ತಾರೆ.

ದಯವಿಟ್ಟು ಇದನ್ನು ಮನೆಯ ಹಿರಿಯರಿಗೂ ಹೇಳಿ: ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಪಡೆಯುವಾಗ ಅಲ್ಲ. ರಿಫಂಡ್ ಕೊಡುತ್ತೇನೆ, ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಫೋನ್ ಇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಅಪರಾಧದ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

6. ಒಪ್ಪದಿದ್ದರೆ: ಕುಂದುಕೊರತೆ ಅಧಿಕಾರಿ

ಕಸ್ಟಮರ್ ಕೇರಿನವರ ಹತ್ತಿರ ವಾದ ಮಾಡಿ ಸುಸ್ತಾಗಬೇಡಿ. ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಒಬ್ಬ ಗ್ರೀವೆನ್ಸ್ ಆಫೀಸರ್, ಅಂದರೆ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು, ಅವರ ಹೆಸರು ಮತ್ತು ಸಂಪರ್ಕವನ್ನು ತೋರಿಸಬೇಕು. ಆ್ಯಪಿನ ತೀರಾ ಕೆಳಗೆ, ನಿಯಮಗಳ ಪುಟದಲ್ಲಿ ಹುಡುಕಿದರೆ ಸಿಗುತ್ತದೆ. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇದು ಇ-ಕಾಮರ್ಸ್ ನಿಯಮದಲ್ಲೇ ಇದೆ.

ಇಮೇಲಿಗೆ ಬಿಲ್ಲು, ಫೋಟೋ, ಹಿಂದಿನ ಮಾತುಕತೆಯ ಚಿತ್ರಗಳನ್ನು ಸೇರಿಸಿ. ಬಿಲ್ಲಿನಲ್ಲಿ ಮಾರಿದವರ ಹೆಸರು ನೋಡಿ. ಹೆಚ್ಚಾಗಿ ಅದು ಆ್ಯಪಿನ ಹೆಸರಾಗಿರುವುದಿಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇವೆಲ್ಲ ಬೇರೆ ಬೇರೆ ವ್ಯಾಪಾರಿಗಳಿಗೆ ಜಾಗ ಕೊಡುವ ಸಂತೆಗಳು, ಮಾರ್ಕೆಟ್‌ಪ್ಲೇಸ್ ಎನ್ನುವುದು ಇದಕ್ಕೇ. ಆ ವ್ಯಾಪಾರಿಯ ಹೆಸರನ್ನೂ ದೂರಿನಲ್ಲಿ ಬರೆಯಿರಿ.

ಕಾರ್ಡಿನಲ್ಲಿ ಕೊಟ್ಟಿದ್ದರೆ ಇನ್ನೊಂದು ದಾರಿ ಇದೆ, ಚಾರ್ಜ್‌ಬ್ಯಾಕ್. ಕೆಟ್ಟ ವಸ್ತು ಕೊಟ್ಟು ಹಣ ಹಿಂತಿರುಗಿಸುತ್ತಿಲ್ಲ ಎಂದು ನಿಮ್ಮ ಬ್ಯಾಂಕಿಗೆ ಬರೆದು ಕೊಟ್ಟು ಆ ಪಾವತಿಯನ್ನು ಪ್ರಶ್ನಿಸುವುದು. ಇದಕ್ಕೂ ಗಡುವು ಇರುತ್ತದೆ, ಬೇಗ ಕೇಳಿ.

7. 1915

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಸಿಮ್ ಕೇರಳದ್ದು ಎಂದು ಮಲಯಾಳದಲ್ಲೇ ಹೇಳಬೇಕಾಗಿಲ್ಲ, ಭಾಷೆ ಕೇಳಿದಾಗ ಕನ್ನಡ ಆರಿಸಿ. 8800001915ಕ್ಕೆ ವಾಟ್ಸ್ಆ್ಯಪ್ ಕೂಡ ಮಾಡಬಹುದು. ದೂರಿಗೆ ಒಂದು ಡಾಕೆಟ್ ನಂಬರ್ ಕೊಡುತ್ತಾರೆ, ಬರೆದಿಡಿ.

1915 ಕೋರ್ಟಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುತ್ತದೆ, ಆದೇಶ ಕೊಡಲು ಅದಕ್ಕೆ ಆಗುವುದಿಲ್ಲ. ಆದರೂ ಹೆಸರಿರುವ ಕಂಪನಿಗಳ ವಿಷಯದಲ್ಲಿ ಈ ಹಂತದಲ್ಲೇ ಕೆಲಸ ಆಗುವುದುಂಟು, ಬಿಡಬೇಡಿ. ಇನ್‌ಸ್ಟಾಗ್ರಾಮಿನಲ್ಲಿ ಸೀರೆಯೋ ಪಾತ್ರೆಯೋ ನೋಡಿ, ಯಾರದೋ ಸ್ವಂತ ನಂಬರಿಗೆ ಯುಪಿಐ ಮಾಡಿದ್ದರೆ ಕಷ್ಟ. ಬಿಲ್ಲಿಲ್ಲ, ವಿಳಾಸವಿಲ್ಲ. ಅಂಥ ಕಡೆ ಮೊದಲೇ ದುಡ್ಡು ಕಳಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

8. ಜಿಲ್ಲಾ ಗ್ರಾಹಕ ಆಯೋಗ

ಕಾಸರಗೋಡಿನಲ್ಲಿ ಜಿಲ್ಲಾ ಗ್ರಾಹಕ ವಿವಾದ ಪರಿಹಾರ ಆಯೋಗ ಇದೆ. ಕಂಪನಿ ಬೆಂಗಳೂರಿನದ್ದಾಗಲಿ, ದೆಹಲಿಯದ್ದಾಗಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ‘ವ್ಯಾಜ್ಯವೇನಿದ್ದರೂ ಬೆಂಗಳೂರಿನ ನ್ಯಾಯಾಲಯದಲ್ಲಿ’ ಎಂದು ಅವರ ಶರತ್ತಿನಲ್ಲಿ ಬರೆದಿದ್ದರೆ ಹೆದರಬೇಡಿ.

ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಎಂದಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕರ ದೂರಿಗೆಂದೇ ಇರುವ ಸರ್ಕಾರಿ ವೆಬ್‌ಸೈಟ್ ಇ-ಜಾಗೃತಿಯಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲೂ ಕೇಳಿಕೊಳ್ಳಬಹುದು. ಸ್ಕ್ಯಾನ್ ಮಾಡಲು ಗೊತ್ತಿಲ್ಲದಿದ್ದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಮಾಡಿಸಿ.

ಮಗ ತರಿಸಿಕೊಟ್ಟದ್ದು, ಬಳಸಿದ್ದು ಅಪ್ಪ ಎಂದಾದರೂ ತೊಂದರೆ ಇಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನಲ್ಲಿ ಗ್ರಾಹಕರೇ. ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಈ ರಕ್ಷಣೆ ಇಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆಂದೇ ಕೊಂಡದ್ದಕ್ಕೆ ಇದೆ. ಮನೆಯಲ್ಲೇ ಹೊಲಿದು ಬದುಕುವವರ ಹೊಲಿಗೆ ಮೆಷಿನು, ಸ್ವಂತ ತೋಟದ ಸ್ಪ್ರೇಯರು ಈ ಲೆಕ್ಕಕ್ಕೆ ಬರುತ್ತವೆ.

ದೂರಿನಲ್ಲಿ ಮಾರಿದ ವ್ಯಾಪಾರಿ, ಆ್ಯಪಿನ ಸಂಸ್ಥೆ, ತಯಾರಿಸಿದ ಕಂಪನಿ ಮೂವರನ್ನೂ ಸೇರಿಸಿ. ನಡೆದದ್ದನ್ನು ತಾರೀಕಿನ ಕ್ರಮದಲ್ಲಿ ಬರೆಯಿರಿ. ಬಿಲ್ಲು, ಪಾವತಿಯ ದಾಖಲೆ, ಜಾಬ್‌ಶೀಟ್, ಇಮೇಲ್‌ಗಳು, 1915ರ ಡಾಕೆಟ್ ನಂಬರ್ ಎಲ್ಲವನ್ನೂ ಇಡಿ. ವಸ್ತುವಿನ ಬೆಲೆಯ ಜತೆಗೆ ನಿಮಗಾದ ತೊಂದರೆಗೆ ಪರಿಹಾರ, ದೂರಿನ ಖರ್ಚು ಕೇಳುವುದನ್ನು ಮರೆಯಬೇಡಿ. ಕೇಳದೆ ಹೋದರೆ ಸಿಗುವುದು ಕಷ್ಟ. ಬರೆಯಲು ಸಹಾಯ ಬೇಕಿದ್ದರೆ 15100ಕ್ಕೆ ಕರೆ ಮಾಡಿ, ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಸಿಗುತ್ತದೆ.

ಎದುರು ಪಕ್ಷಕ್ಕೆ ನೋಟಿಸು ತಲುಪಿದ ಮೇಲೆ ಮೂರು ತಿಂಗಳು, ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಸಮಯವೂ ಹಿಡಿಯಬಹುದು. ಅಲ್ಲಿಯ ತನಕ ಆ ಕೆಟ್ಟ ವಸ್ತುವನ್ನು ಯಾರಿಗೂ ರಿಪೇರಿಗೆ ಕೊಡಬೇಡಿ, ಬಿಚ್ಚಿಸಬೇಡಿ. ಬಂದ ಪೆಟ್ಟಿಗೆಯಲ್ಲೇ ಹಾಕಿ, ಪ್ಲಾಸ್ಟಿಕ್ ಸುತ್ತಿ, ಮಳೆನೀರು ಬೀಳದ ಕಡೆ ಎತ್ತಿಡಿ.